ನಿಮ್ಮ ಬ್ಯಾಂಕುಗಳ ಸಾಲ, ನನ್ನ ಮಗಳ ವೀಸಾ

ಮಾನ್ಯ ಹಣಕಾಸು ಸಚಿವರೇ,

ನಿಮ್ಮ ದೇಶದ ಬ್ಯಾಂಕುಗಳು ಮುಳುಗಿದ್ದಕ್ಕೆ ಬೀದರಿನ ಒಂಬತ್ತು ವರ್ಷದ ಹುಡುಗಿಯೊಬ್ಬಳು ತಾಯಿಯಿಂದ ದೂರ ಉಳಿದಿದ್ದಾಳೆ. ಆಕೆ ನನ್ನ ಮಗಳು ಏಂಜೆಲ. ನೀವಿರುವುದು ಯುರೋಪಿನಲ್ಲಿ, ದೇಶದ ಹೆಸರು ಈ ಬಹಿರಂಗ ಪತ್ರದಲ್ಲಿ ಬರೆಯುವುದಿಲ್ಲ, ಯಾಕೆಂದರೆ ನನ್ನ ಹೆಂಡತಿ ಇನ್ನೂ ನಿಮ್ಮ ಸರ್ಕಾರಿ ಆಸ್ಪತ್ರೆಯಲ್ಲೇ ನರ್ಸ್ ಆಗಿ ದುಡಿಯಬೇಕು. ಕನ್ನಡದಲ್ಲಿ ಬರೆದಿದ್ದಕ್ಕೆ ಕ್ಷಮಿಸಿ. ನಿಮ್ಮ ಸುತ್ತೋಲೆಗಳು ಬಂದಾಗ ನಾವೂ ಅವರಿವರ ಕಡೆ ಓದಿಸಿಕೊಂಡಿದ್ದೇವೆ, ಇದನ್ನು ನೀವೂ ಹಾಗೇ ಓದಿಸಿಕೊಳ್ಳಿ.

ಆದದ್ದು ಇಷ್ಟು. ಮುಳುಗಿದ ಬ್ಯಾಂಕುಗಳ ಸಾಲವನ್ನು ನಿಮ್ಮ ಸರ್ಕಾರ ಇಡೀ ದೇಶದ ತಲೆಗೆ ಕಟ್ಟಿತು. ತೀರಿಸಲು ಸರ್ಕಾರಿ ನೌಕರರ ಸಂಬಳಕ್ಕೆ ಕತ್ತರಿ ಹಾಕಿತು. ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಕೈಗೆ ಇಂತಿಷ್ಟು ಸಂಬಳ ಬರಬೇಕೆಂಬ ನಿಯಮವೂ ನಿಮ್ಮದೇ. ಕಡಿತವಾದ ಮೇಲೆ ನನ್ನ ಹೆಂಡತಿಯ ಸಂಬಳ ಆ ಗೆರೆಗಿಂತ ಕೆಳಗಿಳಿಯಿತು. ಮಗಳ ವೀಸಾ ಅರ್ಜಿ ವಾಪಸ್ ಬಂತು. ಒಂದು ಕೈಯಿಂದ ಸಂಬಳ ಕಿತ್ತುಕೊಂಡು ಇನ್ನೊಂದು ಕೈಯಿಂದ 'ನಿಮ್ಮ ಸಂಬಳ ಕಡಿಮೆಯಿದೆ' ಎಂದು ಬರೆಯುವ ಈ ಜಾಣತನವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಮಾನ್ಯರೇ?

ತಪ್ಪು ನನ್ನದೂ ಇದೆ. ಒಳ್ಳೆಯದಾದರೆ ದೇವರಿಗೆ ಕೃತಜ್ಞತೆ ಹೇಳಲು ಮನೆಯಲ್ಲಿ ಸ್ತೋತ್ರಕೂಟ ಇಡುವುದು ನಮ್ಮ ಚರ್ಚಿನವರ ರೂಢಿ. ನಾನು ವೀಸಾ ಬರುವ ಮೊದಲೇ ಇಟ್ಟೆ. ಭಾಲ್ಕಿಯಿಂದ ಹೆಂಡತಿಯ ತವರಿನವರು, ಔರಾದಿನಿಂದ ನನ್ನ ಅಕ್ಕ ಬಂದರು. ಪಾಸ್ಟರು ಮಗಳ ಪ್ರಯಾಣಕ್ಕಾಗಿ ಪ್ರಾರ್ಥಿಸಿದರು, ಎಲ್ಲರೂ ಉಂಡು ಹೋದರು. ಶಾಲೆಯಿಂದ ಟಿ.ಸಿ. ಕೂಡ ತಂದುಬಿಟ್ಟಿದ್ದೆ, ಆಮೇಲೆ ಕೈಕಾಲು ಹಿಡಿದು ಮತ್ತೆ ಸೇರಿಸಬೇಕಾಯಿತು. ಈಗ ಪ್ರತಿ ರವಿವಾರ ಚರ್ಚಿನ ಬಾಗಿಲಲ್ಲಿ ಯಾರಾದರೂ ಕೇಳುತ್ತಾರೆ, "ಏನವಾ, ಇನ್ನಾ ಹೋಗಿಲ್ಲೇನು?" ಮಗಳು ನನ್ನ ಬೆನ್ನ ಹಿಂದೆ ಅಡಗುತ್ತಾಳೆ. ನನಗೆ ನಾಚಿಕೆಯಿಂದ ತಲೆಯೆತ್ತಲಾಗುವುದಿಲ್ಲ.

ನಾನು ಗಾಂಧಿ ಗಂಜಿನ ಧಾನ್ಯ ಪೇಟೆಯಲ್ಲಿ, ರೈತರ ಮಾಲು ದಲ್ಲಾಳಿಗೆ ಮಾರಿಕೊಡುವ ಅಡತ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮ. ನಮ್ಮ ಓಣಿಯಲ್ಲಿ ಯಾವುದಾದರೂ ಅಂಗಡಿ ಮುಳುಗಿದರೆ ಅಡತದವರೆಲ್ಲ ಕೂತು ಮೊದಲು ಹಮಾಲರ ಕೂಲಿ ಕೊಡಿಸುತ್ತಾರೆ. ಸಾಲ ಕೊಟ್ಟ ಸಾಹುಕಾರರ ಸರದಿ ಆಮೇಲೆ. ಇದನ್ನು ಯಾರೂ ಕಾನೂನಿನಲ್ಲಿ ಬರೆದಿಲ್ಲ. ನಿಮ್ಮ ಕಥೆ ಹೇಳಿದಾಗ ಹಮಾಲ ಖಾಜಾ ಮಿಯಾ ತೊಗರಿ ಚೀಲ ಇಳಿಸಿ ನಿಂತು ಕೇಳಿದ: "ಮುನೀಮ ಸಾಬ್, ಬ್ಯಾಂಕ್ ಮುಳುಗಿಸಿದವ್ರು ಬ್ಯಾರೇನ ಅದಾರಲ್ರಿ. ನಮ್ಮ ನರ್ಸ್ ಅಕ್ಕಾರ ಪಗಾರ ಯಾಕ ಕಡೀಬೇಕ್ರಿ?" ಅವನ ಪ್ರಶ್ನೆಯನ್ನು ಹಾಗೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಬಳಿ ಉತ್ತರ ಇದೆಯೇ?

ಈಗ ಆ ಸಾಲದ ಭಾರ ಇಳಿಸಿಕೊಳ್ಳಲು ನೀವು ಯುರೋಪಿನ ದೊಡ್ಡವರ ಜೊತೆ ಮಾತುಕತೆಗೆ ಕೂತಿದ್ದೀರಿ. ಸಂತೋಷ. ಆದರೆ ಏಳು ತಿಂಗಳಿಂದ ಪ್ರತಿ ಸಭೆ ಮುಗಿದಾಗಲೂ 'ಮುಂದಿನ ತಿಂಗಳು ಒಪ್ಪಂದ, ಆಮೇಲೆ ಕಡಿತ ವಾಪಸ್' ಎನ್ನುತ್ತೀರಿ. ನನ್ನ ಹೆಂಡತಿ ಅದನ್ನೇ ನಂಬಿ ಮಗಳಿಗೆ ಹೇಳುತ್ತಾಳೆ. ಹೋದ ವಾರ ತಾಯಿಯ ಫೋನು ಬಂದಾಗ ಏಂಜೆಲ ಕೈಗೆ ತೆಗೆದುಕೊಳ್ಳಲಿಲ್ಲ. "ನಾ ಮಾತಾಡಂಗಿಲ್ಲ ಪಪ್ಪಾ. ಮಮ್ಮಿ ಬರೇ ಸುಳ್ಳ ಹೇಳ್ತಾಳ" ಎಂದಳು. ಆ ಕಡೆಯಿಂದ ನನ್ನ ಹೆಂಡತಿ ಅದನ್ನು ಕೇಳಿಸಿಕೊಂಡಳು.

ಆದ್ದರಿಂದ ನನ್ನ ಬೇಡಿಕೆ ಇದು. ಸಾಲದಲ್ಲಿ ರಿಯಾಯಿತಿ ಸಿಕ್ಕರೆ ಎಲ್ಲಕ್ಕಿಂತ ಮೊದಲು ನರ್ಸುಗಳ ಸಂಬಳ ಸರಿಪಡಿಸಿ. ಸಿಗದಿದ್ದರೆ 'ಸಿಗುವುದಿಲ್ಲ' ಎಂದು ಬಾಯಿಬಿಟ್ಟು ಹೇಳಿ, ನನ್ನ ಹೆಂಡತಿಯನ್ನು ನಾನು ಊರಿಗೆ ಕರೆಸಿಕೊಳ್ಳುತ್ತೇನೆ. 'ಮುಂದಿನ ತಿಂಗಳು' ಎಂದು ಮಾತ್ರ ಇನ್ನೊಮ್ಮೆ ಹೇಳಬೇಡಿ. ಮಾತು ತಪ್ಪುತ್ತಿರುವವರು ನೀವು. ಮಗಳ ಕಣ್ಣಲ್ಲಿ ಸುಳ್ಳುಗಾತಿಯಾಗಿರುವವಳು ಅವಳ ತಾಯಿ.

ಇಂತಿ,
ನಿಮ್ಮ ಯಾವ ಬ್ಯಾಂಕಿನಲ್ಲೂ ಎಂದೂ ಖಾತೆ ತೆರೆಯದ
ಒಬ್ಬ ಮುನೀಮ
ಗಾಂಧಿ ಗಂಜ, ಬೀದರ