ಶರಣು ಕಣೋ, ಒಳಗ್ ಬಾ

ಅಪ್ಪಾ, ನೀನೇ ಗೆದ್ದುಬಿಟ್ಟೆ! ನಕ್ಸಲರ ಜೊತೆ ಕಾಡು ಸೇರಿದ್ದ ತಮ್ಮ ಮರುಳಸಿದ್ದ ಬಂದೂಕು ಒಪ್ಪಿಸಿ, ಜಾಮೀನಿನ ಮೇಲೆ ಇವತ್ತು ನಮ್ಮ ಶಿವನಿ ಊರಿಗೆ ಬಂದ.

‘ಶರಣಾಗು ಅಂತ ಮಗನಿಗೆ ಹೇಳಿ, ರೆಕಾರ್ಡ್ ಮಾಡಿ ಕಳಿಸ್ತೀವಿ’ ಎಂದು ಪೊಲೀಸರು ಬಂದಾಗ ನೀನು, ‘ನನ್ ಮಗ ಯಾರ್ಗೂ ಶರಣಾಗಲ್ಲ ಕಣ್ರೀ’ ಎಂದು ಬಾಗಿಲು ಹಾಕಿದ್ದೆ. ನೀನು ತೀರಿಕೊಂಡ ಮೇಲೆ ನನ್ನನ್ನು ಕೇಳಿದರು. ಅವನಿಗೆ ಎಲ್ಲಿ ಗುಂಡಿಕ್ಕುತ್ತಾರೋ ಎಂಬ ಭಯಕ್ಕೆ ಅವರು ಕಲಿಸಿದ್ದೆಲ್ಲ ಮರೆತು, ಬಾಗಿಲಿಗೆ ಬಂದವರಿಗೆ ನಾವು ಅನ್ನುವ ಹಾಗೆ, ‘ಶರಣು ಕಣೋ, ಒಳಗ್ ಬಾ’ ಅಂದುಬಿಟ್ಟೆ. ಅದಕ್ಕೇ ಬಂದನಂತೆ!

ಜೀಪಿನಿಂದಿಳಿದು ಬೀದಿಯವರಿಗೆಲ್ಲ ‘ಶರಣು’ ಅಂದ. ಯಾರಾದರೂ ಕಲ್ಲೆಸೆದರೆ ಎಂದು ನಾನು ಅವನಿಗೆ ಅಡ್ಡ ನಿಂತೆ. ಎಲ್ಲರೂ ‘ಶರಣು, ಶರಣು’ ಎಂದರು; ಇನ್ಸ್‌ಪೆಕ್ಟರೂ ಕೈಮುಗಿದರು. ಯಾರು ಯಾರಿಗೆ ಶರಣಾದರು, ಹೇಳಪ್ಪ!

ನಿನ್ನ ಪಟದ ಮುಂದೆ ನಿಂತಾಗ ಮಾತ್ರ, ‘ಕಾಡಲ್ಲಿ ಅಪ್ಪನ ದನಿಗೇ ಕಾದಿದ್ದೆ ಕಣಕ್ಕ’ ಅಂದ.