ಒಂದು ಅತ್ತೆ ಕಥೆಯಷ್ಟು ಹೊತ್ತು

ಬುಧವಾರ, ಮಧ್ಯಾಹ್ನ

ನನ್ನ ಮುದ್ದು ಅಕ್ಕನಿಗೆ,

ನಿನ್ನ ವಟವಟ ತಂಗಿ ಪಿಟೀಲು ಬರೆಯುತ್ತಿದ್ದಾಳೆ. ಹೌದು, ಪೆನ್ನು ಹಿಡಿದು, ಕಾಗದದ ಮೇಲೆ, ಕನ್ನಡದಲ್ಲಿ. ಇಂಗ್ಲಿಷ್ ಮೀಡಿಯಂ ಮಹಾರಾಣಿ ಒಂದು ಪುಟ ಕನ್ನಡ ಬರೆದರೆ ಕತ್ತರಿ ಕೆಳಗಿಡುತ್ತೇನೆ ಅಂದಿದ್ದೆಯಲ್ಲ, ಈಗ ಇಡು. ಫೋನ್ ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿದ ಕೂಡಲೇ ನೀನು ಎಲ್ಲವನ್ನೂ ಹಿಡಿದುಬಿಡುತ್ತೀಯ, ಆಮೇಲೆ ನಾನು ಅಳುತ್ತೇನೆ, ನಿನ್ನ ಪಾರ್ಲರಿನ ಕುರ್ಚಿಯಲ್ಲಿ ಕೂತವರ ತಲೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕಾಗದ.

ಮೊದಲು ಒಳ್ಳೆಯ ಸುದ್ದಿ: ನಾನು ತುಂಬಾ ತುಂಬಾ ಸುಖವಾಗಿದ್ದೇನೆ. ಮನೆ ಪುಟ್ಟದು, ಮೂರನೇ ಮಹಡಿ. ಅಡುಗೆಮನೆಯ ಕಿಟಕಿಗೆ ಎದುರು ಕಟ್ಟಡದ ಗೋಡೆ, ಮಲಗುವ ಕೋಣೆಯ ಕಿಟಕಿಗೆ ಬಸ್ ಡಿಪೋ. ಬಸ್ಸುಗಳೆಲ್ಲ ಬೆಳಿಗ್ಗೆ ಒಂದೊಂದಾಗಿ ಹೊರಟು ಸಂಜೆ ಒಂದೊಂದಾಗಿ ಬರುತ್ತವೆ. ನನಗೆ ಅವುಗಳ ನಂಬರ್ ಎಲ್ಲ ಬಾಯಿಪಾಠ. ನಿನ್ನ ಭಾವನವರು (ನೀನು ಇವರಿಗಿಂತ ಎರಡು ವರ್ಷ ದೊಡ್ಡವಳು, ಆದರೂ ಭಾವ ಅನ್ನಲೇಬೇಕು ಅಂತ ನನ್ನ ಆಸೆ) ಚಿನ್ನದಂಥವರು. ಕೆಲಸದಿಂದ ಶನಿವಾರ ಮನೆಗೆ ಬರಬೇಕು. ಬರದೆಯೂ ಇರಬಹುದು. ಅದು ನನ್ನ ಒಂದು ಮಾತಿನ ಮೇಲೆ ನಿಂತಿದೆ, ಆ ಮಾತನ್ನು ನಾನು ನಿನ್ನೆ ಹಾಳು ಮಾಡಿಕೊಂಡೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ತಲೆಯ ಕಥೆ ಹೇಳಿ ಬೈಸಿಕೊಂಡುಬಿಡುತ್ತೇನೆ.

ಅಕ್ಕಾ, ನಾನು ನನ್ನ ಕೂದಲಿಗೆ ಬ್ಲೀಚ್ ಮಾಡಿಕೊಂಡೆ. ಮನೆಯಲ್ಲೇ. ಒಬ್ಬಳೇ.

ಕಾರಣ ಕೇಳಿದರೆ ನಗುತ್ತೀಯ. ಇವರ ಕೆಲಸ ನಿನಗೆ ಗೊತ್ತಲ್ಲ, ಗಾಳಿಯಂತ್ರದ ಕಂಬ ಹತ್ತಿ ರೆಕ್ಕೆ ರಿಪೇರಿ ಮಾಡುವುದು. ಮೂರು ವಾರ ಅಲ್ಲೇ ಶೆಡ್ಡಿನಲ್ಲಿ ವಾಸ, ಒಂದು ವಾರ ಮನೆ. ಮೇಲೆ ಹತ್ತುವಾಗ ಫೋನ್ ಕೆಳಗಿಟ್ಟು ಹೋಗಬೇಕು. ಹೊರಡುವ ಮೊದಲು ಒಂದು ದಿನ ಕೇಳಿದ್ದೆ, ಅಷ್ಟು ಎತ್ತರದಿಂದ ನಾನು ಕಂಡರೆ ಗುರುತು ಸಿಗುತ್ತೇನಾ ಅಂತ. ಇವರು ಶೂ ಲೇಸ್ ಕಟ್ಟುತ್ತಲೇ, ಅಲ್ಲಿಂದ ಎಲ್ಲರ ತಲೆಯೂ ಒಂದು ಕರಿ ಚುಕ್ಕೆ, ಬಣ್ಣ ಇದ್ದರೆ ಮಾತ್ರ ಗೊತ್ತಾಗುತ್ತೆ ಅಂದರು. ಅಷ್ಟೇ ಸಾಕಾಯಿತು ನನ್ನ ತಲೆಗೆ. ಬಣ್ಣ ತಾನೇ, ನಾನು ಯಾರ ತಂಗಿ ಅಂದುಕೊಂಡೆ.

ಹದಿಮೂರನೇ ವಯಸ್ಸಿನಿಂದ ನಿನ್ನ ಪಕ್ಕದಲ್ಲಿ ನಿಂತು ಬಟ್ಟಲಲ್ಲಿ ಬ್ಲೀಚ್ ಪುಡಿ ಕಲಸಿದವಳು ನಾನು. ಒಂದಳತೆ ಪುಡಿಗೆ ಎರಡಳತೆ ಡೆವಲಪರ್ ಕ್ರೀಮು, ಲೋಹದ ಬಟ್ಟಲು ಮುಟ್ಟಬಾರದು, ತುದಿಗೆ ಮೊದಲು, ಬುಡಕ್ಕೆ ಕೊನೆಗೆ, ಯಾಕೆಂದರೆ ತಲೆಯ ಬಿಸಿಗೆ ಬುಡ ಬೇಗ ಬಿಳಿಚುತ್ತದೆ. ಎಲ್ಲಾ ಗೊತ್ತು. ಗೊತ್ತಿಲ್ಲದಿದ್ದದ್ದು ಒಂದೇ: ಎಷ್ಟು ಹೊತ್ತು.

ಇದರಲ್ಲಿ ತಪ್ಪು ನಿನ್ನದೂ ಇದೆ. ನಮ್ಮ ಅಂಗಡಿಯಲ್ಲಿ ಗಡಿಯಾರ ಯಾರು ನೋಡುತ್ತಿದ್ದರು ಹೇಳು. ತೆಳ್ಳನೆ ಕೂದಲಿಗೆ ಒಂದು ಅತ್ತೆ ಕಥೆ, ದಪ್ಪ ಕೂದಲಿಗೆ ಅತ್ತೆ ಜೊತೆ ನಾದಿನಿ. ಹಿಂದೆ ಬಣ್ಣ ಹಾಕಿಸಿದ ತಲೆಯಾದರೆ ಆಸ್ತಿ ಜಗಳದವರೆಗೂ ಎಳೆಯಬೇಕು. ನೀನು ‘ಆಮೇಲೆ?’ ಅನ್ನುತ್ತಾ ಇರುತ್ತಿದ್ದೆ, ಕುರ್ಚಿಯಲ್ಲಿ ಕೂತವರು ಹೇಳುತ್ತಾ ಇರುತ್ತಿದ್ದರು. ಅವರು ನಿಟ್ಟುಸಿರು ಬಿಟ್ಟು ‘ಬಿಡಿ, ನನ್ನ ಹಣೆಬರಹ’ ಅಂದ ಕೂಡಲೇ ನೀನು ನೀರಿನ ಪೈಪು ಎತ್ತುತ್ತಿದ್ದೆ. ಒಂದು ದಿನವೂ ತಪ್ಪಿದ್ದಿಲ್ಲ. ನಾನೂ ಅದನ್ನೇ ಕಲಿತದ್ದು.

ಇಲ್ಲಿ ಶುಕ್ರವಾರ ಬಚ್ಚಲಮನೆಯ ಕನ್ನಡಿ ಮುಂದೆ ತಲೆತುಂಬ ಬಿಳಿ ಗಂಜಿ ಮೆತ್ತಿಕೊಂಡು ನಿಂತೆ. ಕಥೆ ಹೇಳಲು ಯಾರೂ ಇಲ್ಲ, ‘ಆಮೇಲೆ?’ ಅನ್ನಲೂ ಯಾರೂ ಇಲ್ಲ. ಸರಿ, ಕನ್ನಡಿಗೇ ಹೇಳೋಣ ಅಂದುಕೊಂಡೆ. ನನಗೆ ಅತ್ತೆ ಇಲ್ಲ, ನಾದಿನಿ ಇಲ್ಲ, ಇರುವುದು ಗಂಡ ಒಬ್ಬರೇ. ಅವರ ಕಥೆ ಶುರು ಮಾಡಿದೆ. ಸಕ್ಕರೆ ಇಲ್ಲದ ಟೀ ಕುಡಿಯುತ್ತಾರೆ. ಒಂದು ಕಾಲುಚೀಲದೊಳಗೆ ಇನ್ನೊಂದನ್ನು ಮಡಚಿ ಉಂಡೆ ಮಾಡಿಡುತ್ತಾರೆ. ನಿದ್ದೆಯಲ್ಲಿ ನಟ್ಟು ಬೋಲ್ಟಿನ ಸೈಜು ಹೇಳುತ್ತಾರೆ. ಮೆಟ್ಟಿಲು ಹತ್ತುವಾಗ ಮಾತಾಡುವುದಿಲ್ಲ. ನಾನು ಮಾತಾಡುವಾಗ ಎಡಕ್ಕೆ ತಲೆ ವಾಲಿಸಿ ಕೇಳುತ್ತಾರೆ. ಆಮೇಲೆ? ಆಮೇಲೆ ಏನೂ ಇಲ್ಲ ಅಕ್ಕಾ. ನಾಲ್ಕು ನಿಮಿಷಕ್ಕೆ ನನ್ನ ಗಂಡನ ಕಥೆ ಮುಗಿದುಹೋಯಿತು.

ಮದುವೆಯಾಗಿ ಇಪ್ಪತ್ತೇಳು ದಿನ. ಜೊತೆಗಿದ್ದದ್ದು ಒಂಬತ್ತು. ಒಂಬತ್ತು ದಿನಕ್ಕೆ ಇನ್ನೆಷ್ಟು ಕಥೆ ಬರುತ್ತದೆ ಹೇಳು.

ಅಷ್ಟಕ್ಕೇ ಗಾಬರಿಯಾಗಿ ತೊಳೆದುಬಿಟ್ಟೆ. ಕೂದಲು ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು. ಒಂದು ದಿನ ಬಿಟ್ಟು, ಭಾನುವಾರ ಮತ್ತೆ ಹಚ್ಚಿದೆ. ಒಂದು ದಿನ ಸಾಲದು, ಎರಡು ವಾರ ಬಿಡಬೇಕು, ಗೊತ್ತು, ಗೊತ್ತು, ಬೈಯಬೇಡ. ಈ ಸಲ ಕಥೆ ಮುಗಿಯದಿರಲಿ ಅಂತ ಆ ಒಂಬತ್ತು ದಿನಗಳನ್ನೇ ಒಂದೊಂದಾಗಿ ಬಿಡಿಸಿ ಹೇಳಿಕೊಂಡೆ. ಐದನೇ ದಿನ ಇಬ್ಬರೂ ಸೇರಿ ಪರದೆ ಕಟ್ಟಿದ್ದು, ಕಂಬಿ ಕಳಚಿ ಇವರ ತಲೆಗೇ ಬಿದ್ದದ್ದು, ಅಷ್ಟು ಎತ್ತರದ ಕಂಬ ಹತ್ತುವವರಿಗೆ ಸ್ಟೂಲ್ ಮೇಲೆ ನಿಲ್ಲೋಕೆ ಬರಲ್ಲ ಅಂತ ನಾನು ಆಡಿಕೊಂಡದ್ದು. ಅಲ್ಲಿಗೆ ಬಂದಾಗ ಅಳು ಬಂತು. ಅತ್ತುಕೊಂಡು ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ನೆತ್ತಿ ಉರಿಯತೊಡಗಿದ ಮೇಲೆ ಎದ್ದು ಓಡಿದೆ. ಮುಂದಿನ ಕೂದಲು ಹಳದಿ, ಅಚ್ಚ ಹಳದಿ. ಹಣೆಯ ಮೇಲಿನ ಒಂದು ಜೊಂಪೆ ಬಾಚಣಿಗೆಗೇ ಬಂತು.

ಹಿಂದಲೆ ಮಾತ್ರ ಹಾಗೇ ಕಪ್ಪಗಿದೆ. ಕೈ ಎಟುಕಲಿಲ್ಲ. ಎರಡು ಕನ್ನಡಿ ಹಿಡಿದರೆ ಬ್ರಷ್ ಹಿಡಿಯಲು ಮೂರನೇ ಕೈ ಬೇಕು. ನನ್ನ ಹಿಂದೆ ಯಾವಾಗಲೂ ನೀನು ನಿಂತಿರುತ್ತಿದ್ದೆ, ಅಲ್ಲಿ ಒಂದು ಕೆಲಸ ಇದೆ ಅಂತಲೇ ನನಗೆ ಹೊಳೆದಿರಲಿಲ್ಲ. ಕೈಗವಸು ಹಾಕಿಕೊಂಡು, ಬಟ್ಟಲು ಹಿಡಿದು, ಎದುರು ಮನೆಯ ಆಂಟಿಯ ಬಾಗಿಲವರೆಗೂ ಹೋಗಿದ್ದೆ. ಒಳಗೆ ಎಲ್ಲರೂ ಏನಕ್ಕೋ ಒಟ್ಟಿಗೆ ನಗುತ್ತಿದ್ದರು. ಬೆಲ್ ಒತ್ತಲು ಮನಸ್ಸಾಗದೆ ವಾಪಸು ಬಂದೆ.

ಸೋಮವಾರ ಬಸ್ ಹತ್ತಿದೆ. ಎರಡು ಗಂಟೆ ದಾರಿ. ತಲೆಗೆ ದುಪಟ್ಟಾ ಸುತ್ತಿಕೊಂಡಿದ್ದೆ. ಗಾಳಿಯಂತ್ರಗಳ ಬಯಲಿಗೆ ಸುತ್ತ ತಂತಿಬೇಲಿ, ಒಂದು ಗೇಟು, ಗೇಟಿಗೆ ಒಬ್ಬ ವಯಸ್ಸಾದ ಕಾವಲಿನವರು.

‘ಯಾರು ಬೇಕಿತ್ತಮ್ಮಾ?’ ಅಂದರು.

ಗಂಡನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇವರೇ ಒಮ್ಮೆ ನಗುತ್ತಾ ಹೇಳಿದ್ದರು, ಯಾರದಾದರೂ ಹೆಂಡತಿ ಗೇಟಿಗೆ ಬಂದರೆ ಆತನನ್ನು ಒಂದು ತಿಂಗಳು ಆಡಿಕೊಳ್ಳುತ್ತಾರಂತೆ. ಹಾಗಾಗಿ, ಸುಮ್ಮನೆ ನೋಡೋಕೆ ಬಂದೆ ಅಂದೆ.

‘ನೋಡಿ, ನೋಡಿ. ನಾನೂ ಹನ್ನೊಂದು ವರ್ಷದಿಂದ ಅದನ್ನೇ ನೋಡ್ತಾ ಇದೀನಿ. ಸುತ್ತುತ್ತೆ, ಅಷ್ಟೇ.’

ಯಾವುದು ನಿಂತಿದೆಯೋ ಅದರ ಮೇಲೆ ರಿಪೇರಿಯವರು ಇರುತ್ತಾರೆ ಅಂತ ಅವರೇ ತೋರಿಸಿದರು. ಸುತ್ತದೆ ನಿಂತಿದ್ದದ್ದು ಒಂದೇ. ಅದರ ನೆತ್ತಿಯಲ್ಲಿ ಎರಡು ಚುಕ್ಕೆ. ನಾನು ಬೇಲಿಯ ಪಕ್ಕ ಅದರ ಎದುರಿಗೆ ಹೋಗಿ ದುಪಟ್ಟಾ ತೆಗೆದು ಬಿಸಿಲಲ್ಲಿ ನಿಂತೆ. ಕೈ ಬೀಸಿದೆ. ಒಂದೂವರೆ ಗಂಟೆ ನಿಂತೆ ಅಕ್ಕಾ. ಒಂದು ಚುಕ್ಕೆ ಎದ್ದು ನಿಂತು, ನನ್ನ ಕಡೆ ತಿರುಗಿ, ಸ್ವಲ್ಪ ಹೊತ್ತು ಹಾಗೇ ಇತ್ತು. ಇವರಿಗೆ ನಾನು ಕಂಡೆ, ಕಂಡುಬಿಟ್ಟೆ ಅಂತ ಮನೆಗೆ ಬರುವವರೆಗೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು.

ಸಂಜೆ ಇವರ ಫೋನು ಬಂತು. ನಾನು ಸುಮ್ಮನಿದ್ದೆ, ಅವರೇ ಹೇಳಲಿ ಅಂತ. ಹೇಳಿದರು.

‘ಇವತ್ತು ಬೇಲಿ ಹತ್ರ ಯಾರೋ ಹಳದಿ ಹೆಲ್ಮೆಟ್‌ನೋನು ಬಂದು ನಿಂತಿದ್ದ ಕಣೇ. ಇನ್ಸ್‌ಪೆಕ್ಷನ್ ಅನ್ಸುತ್ತೆ. ಕೈ ಬೇರೆ ಬೀಸ್ತಾನೆ, ಬೇಗ ಬೇಗ ಅಂತ. ಅವನ ದೆಸೆಯಿಂದ ಮಧ್ಯಾಹ್ನದ ಟೀಗೂ ಇಳೀಲಿಲ್ಲ ನಾವು.’

ನಾನು ನಕ್ಕೆ. ಜೋರಾಗಿಯೇ ನಕ್ಕೆ. ಪಾಪ, ಯಾರೋ ಏನೋ ಅಂದೆ. ‘ಅದು ನಾನೇ ರೀ’ ಅನ್ನುವ ಮೂರು ಪದ ನಾಲಗೆ ತುದಿಯಲ್ಲಿತ್ತು. ಹೇಳಿದರೆ ಯಾಕೆ ಬಂದೆ ಅನ್ನುತ್ತಾರೆ. ಯಾಕೆ ಅಂದರೆ, ಒಬ್ಬಳೇ ಇರಲು ಆಗುತ್ತಿಲ್ಲ ಅನ್ನಬೇಕು. ಅಷ್ಟು ಹೇಳಿಬಿಟ್ಟರೆ ನೀವೆಲ್ಲ ಮೆಚ್ಚಿಕೊಂಡ ಗಟ್ಟಿ ಹುಡುಗಿ ಎಲ್ಲಿ ಹೋಗುತ್ತಾಳೆ? ಮೂರು ವಾರ ಒಬ್ಬಳೇ ಇರ್ತೀಯಾ ಅಂತ ಮದುವೆಗೆ ಮೊದಲು ಇವರು ಎಷ್ಟು ಸಲ ಕೇಳಿದ್ದರು, ನಾನು ಎಷ್ಟು ಸಲ ಹೂಂ ಅಂದಿದ್ದೆ, ನೀನೇ ಸಾಕ್ಷಿ.

ಈಗ ಕೆಟ್ಟ ಸುದ್ದಿ. ನಿನ್ನೆ ಮತ್ತೆ ಫೋನ್ ಮಾಡಿದರು. ಇನ್ನೊಂದು ರೆಕ್ಕೆ ಬಿರುಕು ಬಿಟ್ಟಿದೆಯಂತೆ. ಇನ್ನೂ ಮೂರು ವಾರ ಉಳಿಯುತ್ತೀಯಾ ಅಂತ ಇಂಜಿನಿಯರ್ ಕೇಳಿದ್ದಾರೆ. ಬಲವಂತವಿಲ್ಲ. ಶನಿವಾರ ಬೆಳಿಗ್ಗೆಯೊಳಗೆ ಉತ್ತರ ಕೊಡಬೇಕು. ಇವರು ನನ್ನನ್ನೇ ಕೇಳಿದರು.

‘ನೀನು ಬೇಡ ಅಂದ್ರೆ ಬರ್ತೀನಿ. ನಿಜ ಹೇಳು.’

ಎಷ್ಟು ಮೆತ್ತಗೆ ಕೇಳಿದರು ಗೊತ್ತಾ. ತಲೆ ಎಡಕ್ಕೆ ವಾಲಿದ್ದಿರಬೇಕು. ನಾನು ಏನಂದೆ? ಅಯ್ಯೋ ಇರಿ, ನನಗೇನಾಗಿದೆ, ಎದುರು ಮನೆ ಆಂಟಿ ಜೊತೆ ಹೊತ್ತು ಹೋಗೋದೇ ಗೊತ್ತಾಗಲ್ಲ ಅಂದೆ. ಆಂಟಿಯ ಮುಖವನ್ನು ನಾನು ಸರಿಯಾಗಿ ನೋಡಿಲ್ಲ. ಇವರು, ಸರಿ ಹಾಗಾದ್ರೆ ಅಂದರು. ಆ ‘ಸರಿ’ಯಲ್ಲಿ ಬೇಜಾರಿತ್ತೋ ಸಮಾಧಾನವಿತ್ತೋ, ಒಂಬತ್ತು ದಿನದ ಹೆಂಡತಿಗೆ ಹೇಗೆ ತಿಳಿಯಬೇಕು ಹೇಳು. ಫೋನ್ ಇಟ್ಟ ಮೇಲೆ ಡಿಪೋಗೆ ಕೊನೆಯ ಬಸ್ಸು ಬರುವವರೆಗೂ ಕಿಟಕಿಯಲ್ಲಿ ಕೂತಿದ್ದೆ.

ಅದಕ್ಕೇ ಅಕ್ಕಾ, ನೀನು ಬಾ. ತಲೆ ಸರಿಮಾಡುವ ನೆವದಲ್ಲಿ ಬಾ. ಅಂಗಡಿಗೆ ಎರಡು ದಿನ ಬೀಗ ಹಾಕು. ನಾನು ಮದುವೆಯಾಗಿ ಬಂದ ಮೇಲೆ ಬಟ್ಟಲು ಕಲಸಲು ನಿನಗೂ ಯಾರೂ ಇಲ್ಲ ಅಂತ ಗೊತ್ತು, ಅದನ್ನು ನೆನೆದರೆ ಸಂಕಟವಾಗುತ್ತದೆ. ಆದರೂ ಬಾ. ಹಿಂದೆ ನಿಂತುಕೊಂಡು ‘ಆಮೇಲೆ?’ ಅನ್ನು.

ಇಷ್ಟು ಬರೆದ ಮೇಲೆ ಹಗುರಾಯಿತು. ಗಿರಾಕಿಗಳು ದುಡ್ಡು ಕೊಟ್ಟು ನಿನ್ನ ಹತ್ತಿರ ಯಾಕೆ ಬರುತ್ತಾರೆ ಅಂತ ಈಗ ತಿಳಿಯಿತು. ಬರೇ ಕೂದಲಿಗಲ್ಲ.

ಸಾವಿರ ಮುತ್ತುಗಳೊಂದಿಗೆ,
ಅರ್ಧ ಹಳದಿ, ಅರ್ಧ ಕಪ್ಪು, ಪೂರ್ತಿ ನಿನ್ನವಳಾದ
ಪಿಟೀಲು

ಮರೆತ ಮಾತು:

ರೀ, ಇದು ನಿಮಗೆ. ಅಕ್ಕನಿಗೆಂದು ಬರೆದು, ಕವರಿನ ಮೇಲೆ ಅವಳ ವಿಳಾಸವನ್ನೂ ಬರೆದಾಗಿತ್ತು. ಅಂಟಿಸುವ ಮೊದಲು ಒಮ್ಮೆ ಓದಿದೆ. ನೀವು ನಿನ್ನೆ ಕೇಳಿದ್ದಕ್ಕೆ ಉತ್ತರವೆಲ್ಲ ಇದರಲ್ಲೇ ಇದೆ, ಹೋಗುತ್ತಿರುವುದು ಮಾತ್ರ ತಪ್ಪು ಮನೆಗೆ. ಅಕ್ಕನಿಗೆ ಬೇರೆ ಕಾಗದ ಬರೆಯುತ್ತೇನೆ. ಇದನ್ನು ನಾಳೆ ಮೊದಲ ಬಸ್ಸಿಗೆ ನಾನೇ ತಂದು, ನಿಮ್ಮ ಹೆಂಡತಿ ಅಂತ ಹೇಳಿಯೇ ಗೇಟಿನಲ್ಲಿ ಕೊಡುತ್ತೇನೆ. ಒಂದು ತಿಂಗಳು ಆಡಿಕೊಳ್ಳಲಿ ಬಿಡಿ. ಕಾಲುಚೀಲದ ವಿಷಯ ಅಕ್ಕನಿಗೆ ಹೇಳಹೊರಟದ್ದಕ್ಕೆ ಕ್ಷಮಿಸಿ. ನನಗೆ ಇಲ್ಲಿ ಒಬ್ಬಳೇ ಇರಲು ಆಗುತ್ತಿಲ್ಲ. ಇಂಜಿನಿಯರಿಗೆ ಉಳಿಯೋಕೆ ಆಗಲ್ಲ ಅನ್ನಿ, ಶನಿವಾರ ಬನ್ನಿ.