ತಾಯಿ ಕಡೆ ಯಾರಿಗಾದರೂ ಇತ್ತಾ?

ಮಲ್ಲತ್ತಹಳ್ಳಿ, ಬೆಂಗಳೂರು
ಭಾನುವಾರ, 16 ನವೆಂಬರ್ 2025

ಪ್ರೀತಿಯ ಅನು,

‘ಬೀಜ ಬಿದ್ದ ನೆಲವೆಲ್ಲ ತವರೇ’ ಎಂದು ಅಮ್ಮ ಹಾಡುತ್ತಿದ್ದಳಲ್ಲ, ಮುಂದಿನ ಸಾಲು ನಿನಗೆ ನೆನಪಿದೆಯೇ? ನನಗೆ ಮರೆತಿದೆ. ಆ ಮೊದಲ ಸಾಲಾದರೂ ನಿಜವೇ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಅದಿರಲಿ, ನಿನ್ನ ಮಂಡಿನೋವು ಹೇಗಿದೆ? ಮಸ್ಕತ್‌ನಲ್ಲಿ ಬಿಸಿಲು ಇಳಿಯಿತೇ? ಫೋನಿನಲ್ಲಿ ನಿನ್ನ ಅಳುವೇ ಮೊದಲು ಬಂದು ನನ್ನ ಮಾತಿಗೆ ಜಾಗ ಉಳಿಯುವುದಿಲ್ಲ. ಅದಕ್ಕೇ ಈ ಕಾಗದ.

ಗುರುವಾರ ಧನ್ಯಶ್ರೀಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನಿನ್ನ ಮಗಳು ಹೊಟ್ಟೆನೋವು ಎಂದು ಹೇಳಿ ಮುಗಿಸುವುದರೊಳಗೆ ಅವರು ನಂಬಿಬಿಟ್ಟರು. ಎಂಡೊಮೆಟ್ರಿಯೋಸಿಸ್ ಇರಬಹುದು ಎಂದರು. ಗರ್ಭಕೋಶದ ಒಳಪದರ ತಿಂಗಳು ತಿಂಗಳೂ ಉದುರಿ ಮತ್ತೆ ಬೆಳೆಯುವುದು ಅಲ್ಲಿನ ಮೂಲಕೋಶ, ಅಂದರೆ ಸ್ಟೆಮ್ ಸೆಲ್‌ಗಳಿಂದಂತೆ. ಅವೇ ದಾರಿ ತಪ್ಪಿ ಹೊಟ್ಟೆಯ ಬೇರೆ ಕಡೆ ನೆಲೆಯೂರಿ, ಅಲ್ಲೂ ಪದರ ಕಟ್ಟಿ ನೋವು ಕೊಡುತ್ತವೆ ಎಂಬ ಅನುಮಾನವಿದೆ, ಮೂಳೆಯ ಮಜ್ಜೆಯಿಂದಲೂ ಬರಬಹುದಂತೆ, ಇನ್ನೂ ಖಚಿತವಿಲ್ಲ ಎಂದರು. ಬಿದ್ದಲ್ಲೆಲ್ಲ ಬೇರೂರುವ ಬೀಜ. ಧನ್ಯಾ ಕಣ್ಣರಳಿಸಿ ಕೇಳುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು ಅನು, ಬೇರೆ ಪದವಿಲ್ಲ. ಹದಿನಾರಕ್ಕೆ ನಾನು ನೆಲದ ಮೇಲೆ ಮುದುಡಿ ಬಿದ್ದಾಗ ಅಮ್ಮ, “ಪರೀಕ್ಷೆ ಬಂತಲ್ಲ, ಶುರುವಾಯ್ತು ನಾಟಕ” ಎಂದಿದ್ದಳು. ಅದೇ ಅಮ್ಮ ನಿನಗೆ ನೆಗಡಿಯಾದರೆ ಹಾಸಿಗೆ ಬಿಟ್ಟು ಏಳಗೊಡುತ್ತಿರಲಿಲ್ಲ. ಈಗ ನಿನ್ನ ಮಗಳಿಗೆ ಆಫೀಸಿನವರು ಕೇಳದೆಯೇ ರಜೆ ಕೊಡುತ್ತಾರೆ, ಅವಳಪ್ಪ ಮಸ್ಕತ್‌ನಿಂದಲೇ ಬಿಸಿನೀರಿನ ಬ್ಯಾಗು ಆರ್ಡರ್ ಮಾಡುತ್ತಾನೆ. ನನ್ನನ್ನು ನಂಬುವವರು ಸಿಕ್ಕಲು ಹತ್ತೊಂಬತ್ತು ವರ್ಷ ಬೇಕಾಯಿತು.

ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೇನೆ, ಚಿಂತೆ ಮಾಡಬೇಡ. ಭಾವನಿಗೆ ನಮಸ್ಕಾರ. ನೀನು ಚೆನ್ನಾಗಿರು.

ನಿನ್ನ ಅಕ್ಕ,
ಅನಂತಲಕ್ಷ್ಮಿ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ. “ತಾಯಿ ಕಡೆ ಯಾರಿಗಾದರೂ ಇತ್ತಾ?” ಎಂದು ಡಾಕ್ಟರು ಕೇಳಿದರು. ಧನ್ಯಾ ಇಲ್ಲವೆಂದಳು. ಅದಕ್ಕೆ ಡಾಕ್ಟರು, ಇದ್ದಿದ್ದರೆ ಈಗಲೇ ಎಂಆರ್‌ಐ ಮಾಡಿಸುತ್ತಿದ್ದೆ, ಸದ್ಯಕ್ಕೆ ಮೂರು ತಿಂಗಳು ಮಾತ್ರೆ ನೋಡೋಣ ಎಂದರು. ನಾನು ಪಕ್ಕದಲ್ಲೇ ಕೂತು ಗಡಿಯಾರ ನೋಡುತ್ತಿದ್ದೆ. ನನ್ನ ಗರ್ಭಕೋಶ ತೆಗೆದದ್ದು ಗಡ್ಡೆಗೆಂದು ನಿಮಗೆಲ್ಲ ಹೇಳಿದ್ದೆ. ಅದು ಇದೇ ಕಾಯಿಲೆ. ಮಕ್ಕಳಾಗದ್ದೂ ಇದರಿಂದಲೇ ಎಂದು ನಿನ್ನೆದುರು ಒಪ್ಪಿಕೊಳ್ಳಲು ಆಗಲಿಲ್ಲ. ಅವಳೂ ಸ್ವಲ್ಪ ಕಾಯಲಿ ಎಂದು ಒಂದು ಕ್ಷಣ ಅನ್ನಿಸಿತು, ಆ ಕ್ಷಣವೇ ಮೂರು ದಿನ ಬೆಳೆದಿದೆ. ಇವತ್ತು ಬೀರುವಿನಿಂದ ಹಳೆಯ ಫೈಲು ತೆಗೆದಿಟ್ಟೆ. ನಾಳೆ ಬೆಳಿಗ್ಗೆಯೇ ಹೋಗಿ ಡಾಕ್ಟರ ಕೈಗೆ ಕೊಡುತ್ತೇನೆ, ಧನ್ಯಾಳ ಎದುರಿಗೇ.

ಇದನ್ನು ಬರೆಯುತ್ತಿರುವಾಗ ಪಕ್ಕದ ಮನೆಯ ಅಕ್ಕಯ್ಯಮ್ಮ ಕರಿಬೇವು ಕೊಡಲು ಬಂದರು. ಫೈಲು ನೋಡಿ, ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ನನಗಿತ್ತು ಈ ನೋವು, ಇಪ್ಪತ್ತು ವರ್ಷ ಇತ್ತು ಎಂದೆ, ಮೊದಲ ಸಲ. ಅವರು ಹೊಸಿಲು ದಾಟದೆ ಕರಿಬೇವನ್ನು ನನ್ನ ಕೈಗಿಟ್ಟು ಹೇಳಿದರು:

“ಗೊತ್ತು ಕಣಮ್ಮ, ಮಧ್ಯೆ ಇರೋದು ಒಂದೇ ಗೋಡೆ ಅಲ್ವಾ. ನೀನು ನರಳೋದು ಕೇಳಿಸ್ತಿತ್ತು. ನಾನೇ ಒಂದಿನಾನೂ ಬಂದು ಬಾಗ್ಲು ತಟ್ಲಿಲ್ಲ.”